ಎರಡೂ ಕಡೆ ಲೆಕ್ಕ ಬರೋಬ್ಬರಿ ಅದ, ಆದ್ರೂ ಸಮೀಕರಣ ತಪ್ಪು ಅಂತಾರಲ್ಲ, ಯಾಕ?

ಪ್ರಶ್ನೆ: ಸರ, ನಮ್ದು ಸಿಂಧನೂರಾಗ ಗೊಬ್ಬರದ ಅಂಗಡಿ. ಮಗಳು ಎಸ್ಸೆಸ್ಸೆಲ್ಸಿ, ಕನ್ನಡ ಮೀಡಿಯಂ. ಟೆಸ್ಟ್‌ನಾಗ ಹೈಡ್ರೋಜನ್ ಆಕ್ಸಿಜನ್ ಕೂಡಿ ನೀರಾಗೋ ಸಮೀಕರಣ ಸರಿದೂಗಿಸು ಅಂತ ಕೊಟ್ಟಿದ್ರು, ಆಕಿ ಎಚ್₂ + ಒ₂ → ಎಚ್₂ಒ₂ ಅಂತ ಬರದಾಳ, ಮಾರ್ಕ್ಸ್ ಸೊನ್ನಿ. ನಾನು ಎಣಿಸಿದ್ರ ಎಡಕ್ಕ ಎರಡು ಎರಡು, ಬಲಕ್ಕೂ ಎರಡು ಎರಡು. ಸರಿ ಉತ್ರ 2ಎಚ್₂ + ಒ₂ → 2ಎಚ್₂ಒ ಅಂತಾರ, ಅದರಾಗ ನೋಡಿದ್ರ ಎಡಕ್ಕ ಮೂರು ಅಣು, ಬಲಕ್ಕ ಎರಡ! ಇದು ಹೆಂಗ ಸರಿ ಆಗ್ತದ? ನಾನು ಪಿಯುಸಿ ಕಾಮರ್ಸ್ ಓದಿದವ. ಮನ್ಯಾಗ ಕುಂತು ಆಕಿ ಬರ್ದಿದ್ದು ಬ್ಯಾಲೆನ್ಸ್ ಆಗೇದೋ ಇಲ್ಲೋ ಚೆಕ್ ಮಾಡೋದು ಹೆಂಗ ಹೇಳ್ರಿ. ಮುಂದ ಸೈನ್ಸ್ ತಗೋತೀನಿ ಅಂತಾಳ, ಸ್ವಲ್ಪ ಬಿಡಿಸಿ ಹೇಳಿದ್ರ ಚೊಲೋ.

ಉತ್ತರ:

ಅಣ್ಣಾರ, ಮೊದ್ಲ ಹೇಳಿಬಿಡ್ತೀನಿ, ಟೀಚರ್ ಸೊನ್ನಿ ಕೊಟ್ಟಿದ್ದು ಸರಿ ಅದ. ನೀವು ಎಣಿಸಿದ್ದೂ ಸರಿ ಅದ. ಮಗಳು ಬರ್ದಿದ್ದು ಖರೇವಂದ್ರ ಬ್ಯಾಲೆನ್ಸ್ ಆಗೇ ಅದ, ಆದ್ರ ಅದು ನೀರಿನ ಸಮೀಕರಣನ ಅಲ್ಲ. ಎಚ್₂ಒ₂ ಅಂದ್ರ ಹೈಡ್ರೋಜನ್ ಪೆರಾಕ್ಸೈಡ್, ಮೆಡಿಕಲ್ ಶಾಪ್‌ನಾಗ ಗಾಯ ತೊಳಿಯಾಕ ಕೊಡ್ತಾರಲ್ಲ, ಹಾಕಿದ ಕೂಡ್ಲೆ ಬುಸ್ ಅಂತ ನೊರಿ ಬರ್ತದ, ಅದು. ನೀರು ಮಾಡಮ್ಮ ಅಂದ್ರ ಆಕಿ ಪೆರಾಕ್ಸೈಡ್ ಮಾಡಿಟ್ಟಾಳ. ಇದು ನಿಮ್ಮ ಮಗಳೊಬ್ಬಾಕಿ ಮಾಡೋ ತಪ್ಪಲ್ಲ, ಬ್ಯಾಲೆನ್ಸ್ ಕಲಿಯೋ ಹುಡುಗ್ರೆಲ್ಲಾ ಒಂದಿಲ್ಲೊಂದು ಸಲ ಇಲ್ಲೇ ಜಾರಿ ಬೀಳ್ತಾರ, ಯಾಕಂದ್ರ ನಮ್ಮ ಸಾಲ್ಯಾಗ "ಎರಡೂ ಕಡೆ ಪರಮಾಣು ಸಮ ಮಾಡ್ರಿ" ಅಂತ ಹೇಳೋದು ಜಾಸ್ತಿ, "ಸೂತ್ರ ಮುಟ್ಟಬ್ಯಾಡ್ರಿ" ಅಂತ ಹೇಳೋದು ಕಮ್ಮಿ.

ಸಂಕೇತಗಳನ್ನ ನೀವು ಬರ್ದಂಗ ನಾನೂ ಕನ್ನಡ ಅಕ್ಷರದಾಗ ಬರೀತೀನಿ. ಒಂದು ಸಮೀಕರಣದಾಗ ಎರಡು ಥರದ ಅಂಕಿ ಇರ್ತಾವ. ಕೆಳಗ ಸಣ್ಣದಾಗಿ ಇರೋ ಅಂಕಿ, ಅಂದ್ರ ಎಚ್₂ಒ ಒಳಗಿನ ಆ 2, ಅದು ಆ ವಸ್ತುವಿನ ಗುರುತು, ಅದನ್ನ ಬದಲಿ ಮಾಡಿದ್ರ ವಸ್ತುನ ಬದಲಾಗಿ ಹೋಗ್ತದ. ಮುಂದ ದೊಡ್ಡದಾಗಿ ಬರಿಯೋ ಅಂಕಿ ಅಂದ್ರ ಎಷ್ಟು ಅಣು ಅಂತ ಲೆಕ್ಕ, ಇದಕ್ಕ ಪುಸ್ತಕದಾಗ ಸಹಗುಣಕ ಅಂತಾರ, ಕೈ ಆಡಿಸೋ ಹಕ್ಕು ನಮಗ ಇರೋದು ಇದರ ಮ್ಯಾಲ ಮಾತ್ರ. ಹಂಗಾಗಿ ಚೆಕ್ ಮಾಡಾಕ ಕುಂತ್ರ ಎಣಿಕಿ ಶುರು ಮಾಡೋಕಿನ್ನ ಮೊದ್ಲ ಒಂದೊಂದೇ ಸೂತ್ರ ನೋಡ್ರಿ: ಪ್ರಶ್ನೆಯೊಳಗ ಕೊಟ್ಟ ವಸ್ತುನ ಇದು, ಅದರ ಸಣ್ಣ ಅಂಕಿ ಇದ್ದಂಗ ಅದಾವ? ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್, ಕ್ಲೋರಿನ್ ಇವು ಒಂಟಿಯಾಗಿ ಬಂದಾಗ ಜೋಡಿ ಪರಮಾಣು ಆಗೇ ಬರ್ತಾವ, ಒ₂ ಬದಲಿ ಬರೇ ಒ ಅಂತ ಬರ್ದು ಸಮ ಮಾಡಿದ್ರ ಅದೂ ಇದ ಥರದ ತಪ್ಪು. ಇದು ಪಾಸಾದ ಮ್ಯಾಲ ಎಣಿಸ್ರಿ, ಪಾಸಾಗಲಿಲ್ಲಂದ್ರ ಎಣಿಸೋದು ವೇಸ್ಟು.

ಇನ್ನ ನಿಮ್ಮ ಎರಡನೇ ಸಂಶಯ, ಎಡಕ್ಕ ಮೂರು ಬಲಕ್ಕ ಎರಡು ಅನ್ನೋದು. ನಿಮ್ಮ ಅಂಗಡಿ ಲೆಕ್ಕದಾಗ ಹೇಳ್ತೀನಿ. 50 ಕೆಜಿ ಚೀಲ ಮೂರು ಬಿಚ್ಚಿ 75 ಕೆಜಿ ಚೀಲ ಎರಡು ಕಟ್ಟಿದ್ರ ಚೀಲದ ಸಂಖ್ಯೆ ಮೂರರಿಂದ ಎರಡಾತು, ಗೊಬ್ಬರ ಮಾತ್ರ 150 ಕೆಜಿ ಹಂಗ ಅದ. ಅಣು ಅಂದ್ರ ಚೀಲ, ಪರಮಾಣು ಅಂದ್ರ ಒಳಗಿನ ಮಾಲು. ಕ್ರಿಯೆ ಆಗೋದಂದ್ರನ ಚೀಲ ಬಿಚ್ಚಿ ಬ್ಯಾರೆ ಚೀಲ ಕಟ್ಟೋದು, ಹಂಗಾಗಿ ಅಣುಗಳ ಸಂಖ್ಯೆ ಸಮ ಇರ್ಬೇಕು ಅಂತ ಎಲ್ಲೂ ರೂಲ್ ಇಲ್ಲ. 2ಎಚ್₂ + ಒ₂ ಅಂದ್ರ ಹೈಡ್ರೋಜನ್ 4, ಆಕ್ಸಿಜನ್ 2. 2ಎಚ್₂ಒ ಅಂದ್ರೂ ಹೈಡ್ರೋಜನ್ 4, ಆಕ್ಸಿಜನ್ 2. ಮುಗೀತು. ಇದರ ಹಿಂದಿರೋದು ರಾಶಿ ಸಂರಕ್ಷಣಾ ನಿಯಮ, ಅಂದ್ರ ಕ್ರಿಯೆ ಆಗೋಕಿನ್ನ ಮೊದ್ಲ ಇದ್ದಷ್ಟ ತೂಕ ಆಮ್ಯಾಲೂ ಇರ್ತದ ಅನ್ನೋದು, ಫ್ರಾನ್ಸಿನ ಲವಾಸಿಯೇ 1789ರ ತನ್ನ ಪುಸ್ತಕದಾಗ ಇದನ್ನ ಸ್ಪಷ್ಟ ಹೇಳ್ಯಾನ, ಮುಚ್ಚಿದ ಪಾತ್ರೆಯೊಳಗ ಸುಟ್ಟು, ಸುಡೋಕಿನ್ನ ಮೊದ್ಲ ಮತ್ತ ಆಮ್ಯಾಲ ತೂಕ ಮಾಡಿ ನೋಡಿ ತೋರಿಸಿದವ.

ಈಗ ಎಣಿಕಿ. ಸಣ್ಣ ಸಮೀಕರಣದಾಗ ಯಾರೂ ತಪ್ಪಂಗಿಲ್ಲ, ಬ್ರಾಕೆಟ್ ಬಂದಾಗ ತಪ್ತಾರ. ನಿಮ್ಮ ಅಂಗಡ್ಯಾಗ ಇರೋ ಮಾಲನ್ನ ತಗೋಳೋಣ. ಸಿಂಗಲ್ ಸೂಪರ್ ಫಾಸ್ಫೇಟ್ ಮಾಡೋದು ರಾಕ್ ಫಾಸ್ಫೇಟ್‌ಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ. ಕಲ್ಲಿನಾಗಿನ ಬ್ಯಾರೆ ಬ್ಯಾರೆ ಅಂಶ ಬಿಟ್ಟು ಸರಳ ಮಾಡಿ ಬರದ್ರ ಹಿಂಗ:

ಸಿಎ₃(ಪಿಒ₄)₂ + 2ಎಚ್₂ಎಸ್‌ಒ₄ → ಸಿಎ(ಎಚ್₂ಪಿಒ₄)₂ + 2ಸಿಎಎಸ್‌ಒ₄

ಸಿಎ ಅಂದ್ರ ಕ್ಯಾಲ್ಸಿಯಂ, ಪಿ ಫಾಸ್ಫರಸ್, ಎಸ್ ಗಂಧಕ. ಎಡಕ್ಕ ಕ್ಯಾಲ್ಸಿಯಂ 3. ಬಲಕ್ಕ ನೋಡುವಾಗ ಹುಡುಗ್ರು ಮೊದಲ್ನೇದ್ರಾಗ 1 ಅಂತ ನೋಡಿ ಅಲ್ಲೇ ನಿಂತುಬಿಡ್ತಾರ, ಆಮ್ಯಾಲಿನ 2ಸಿಎಎಸ್‌ಒ₄ ಒಳಗ ಇನ್ನೂ ಎರಡು ಅದಾವ, ಕೂಡಿಸಿದ್ರ 3. ಒಂದ ಧಾತು ಒಂದ ಕಡೆ ಎರಡು ಜಾಗದಾಗ ಕುಂತಿರ್ತದ, ಅದನ್ನ ಹುಡುಕಿ ಹುಡುಕಿ ಕೂಡಿಸ್ಬೇಕು. ಫಾಸ್ಫರಸ್ ಎಡಕ್ಕ ಬ್ರಾಕೆಟ್ ಒಳಗ 1, ಹೊರಗ 2 ಅದ, ಅಂದ್ರ 2, ಬಲಕ್ಕೂ ಹಂಗ 2. ಹೈಡ್ರೋಜನ್ ಎಡಕ್ಕ ಎರಡು ಆಸಿಡ್ ಅಣುವಿನಾಗ 4, ಬಲಕ್ಕ ಬ್ರಾಕೆಟ್ ಒಳಗ 2, ಹೊರಗಿನ 2ರಿಂದ ಗುಣಿಸಿದ್ರ 4. ಗಂಧಕ ಎರಡೂ ಕಡೆ 2. ಇನ್ನ ಆಕ್ಸಿಜನ್, ಇದ ನೋಡ್ರಿ ಎಲ್ಲಾ ಕಡೆ ಚದುರಿ ಕುಂತಿರೋದು. ಎಡಕ್ಕ ಬ್ರಾಕೆಟ್‌ನಾಗಿಂದು 4 ಗುಣಿಲೆ 2 ಎಂಟು, ಆಸಿಡ್‌ನಾಗಿಂದು 2 ಗುಣಿಲೆ 4 ಎಂಟು, ಒಟ್ಟು 16. ಬಲಕ್ಕ ಬ್ರಾಕೆಟ್‌ನಾಗಿಂದು 8, ಕ್ಯಾಲ್ಸಿಯಂ ಸಲ್ಫೇಟ್‌ನಾಗಿಂದು 8, ಒಟ್ಟು 16. ಬರೋಬ್ಬರಿ. ಬಲಕ್ಕ ಬಂದ ಆ ಕ್ಯಾಲ್ಸಿಯಂ ಸಲ್ಫೇಟ್ ಅನ್ನೋದು ಜಿಪ್ಸಂ ಜಾತಿದು, ಅದನ್ನ ಬ್ಯಾರೆ ಮಾಡಿ ತಗಿಯಂಗಿಲ್ಲ, ಗೊಬ್ಬರದ ಜೋಡಿ ಚೀಲದಾಗ ಬರ್ತದ, ಅದಕ್ಕ ಸೂಪರ್ ಚೀಲದ ಮ್ಯಾಲ ಫಾಸ್ಫೇಟ್ 16 ಪರ್ಸೆಂಟ್ ಅಂತ ಇರೋ ಕಡೆನ ಗಂಧಕ 11 ಅಂತಾನೂ ಇರ್ತದ, ನೀವು ಶೇಂಗಾದ ರೈತರಿಗೆ ಸೂಪರ್ ಒಯ್ರಿ ಅಂತ ಹೇಳೋ ಗಂಧಕ ಈ ಸಮೀಕರಣದ ಬಲಗಡೆ ಕೊನಿಗೆ ಕುಂತದ.

ಬ್ರಾಕೆಟ್ ಹೊರಗಿನ ಅಂಕಿ ಒಳಗಿರೋ ಎಲ್ಲಾದಕ್ಕೂ ಸೇರ್ತದ, ಕೊನಿ ಅಕ್ಷರಕ್ಕ ಮಾತ್ರ ಅಲ್ಲ. ಮುಂದಿನ ದೊಡ್ಡ ಅಂಕಿ ಆ ಇಡೀ ಸೂತ್ರಕ್ಕ ಸೇರ್ತದ, ಪ್ಲಸ್ ಚಿಹ್ನೆ ಬರೋತನಕ. ನಡುವ ಚುಕ್ಕಿ ಇದ್ರ ಇನ್ನೊಂದು ಗೋಳು. ಮೈಲುತುತ್ತ ಅಂತ ಬರ್ತದಲ್ಲ, ಕೊಪ್ಪಳ ಕುಷ್ಟಗಿ ಕಡೆ ದಾಳಿಂಬ್ರಿ ಬೆಳೆಯೋರು ಸುಣ್ಣದ ಜೋಡಿ ಕಲಿಸಿ ಬೋರ್ಡೋ ದ್ರಾವಣ ಮಾಡ್ತಾರ, ಅದರ ಸೂತ್ರ ಸಿಯುಎಸ್‌ಒ₄·5ಎಚ್₂ಒ. ಸಿಯು ಅಂದ್ರ ತಾಮ್ರ. ಆ ಚುಕ್ಕಿ ಗುಣಾಕಾರ ಅಲ್ಲ ಮತ್ತ, ಹರಳಿನೊಳಗ ಐದು ಅಣು ನೀರು ಕೂಡೇ ಅದ ಅಂತ ಅರ್ಥ. ಆಕ್ಸಿಜನ್ ಅಲ್ಲಿ 4, ನೀರಿಂದು 5, ಒಟ್ಟು 9, ಹೈಡ್ರೋಜನ್ 10. ಮುಂದ 2 ಬರದ್ರ ಚುಕ್ಕಿ ಆಚೆ ಇರೋದೂ ಎರಡು ಪಟ್ಟು ಆಗ್ತದ, ಆಕ್ಸಿಜನ್ 18.

ಒಂದು ಸಣ್ಣ ಕೌಶಲ ಹೇಳ್ತೀನಿ. ಬ್ಯಾಲೆನ್ಸ್ ಮಾಡುವಾಗ ಲೋಹ ಮೊದ್ಲು, ಆಮ್ಯಾಲ ಉಳಿದಿದ್ದು, ಹೈಡ್ರೋಜನ್, ಎಲ್ಲಾಕಿನ್ನ ಕೊನಿಗೆ ಆಕ್ಸಿಜನ್ ಅಂತ ಕಲಿಸ್ತಾರ, ಸರಿ ಅದ. ಆದ್ರ ಬ್ಯಾರೆಯವ್ರು ಮಾಡಿದ್ದನ್ನ ಚೆಕ್ ಮಾಡುವಾಗ ಉಲ್ಟಾ ಹೋಗ್ರಿ, ಆಕ್ಸಿಜನ್‌ನಿಂದ ಶುರು ಮಾಡ್ರಿ, ತಪ್ಪು ಇದ್ರ ಹತ್ರಾಗ ಎಂಟು ಸಲ ಅಲ್ಲೇ ಸಿಗ್ತದ. ಆಕ್ಸಿಜನ್ ಸರಿ ಬಂತಂದ್ರ ಮಿಕ್ಕಿದ್ದು ಬಹುಪಾಲು ಸರಿ ಇರ್ತದ, ಬಹುಪಾಲು ಅಂದೆ, ಹಂಗಂತ ಅಷ್ಟಕ್ಕ ಬಿಡಬ್ಯಾಡ್ರಿ, ಒಂದು ಹಾಳ್ಯಾಗ ಧಾತುಗಳ ಹೆಸ್ರು ಕೆಳಗ ಕೆಳಗ ಬರ್ದು ಎಡ ಬಲ ಅಂತ ಎರಡು ಕಾಲಂ ಹಾಕಿ ತುಂಬ್ರಿ. ನಿಮಗ ಇದು ರೂಢಿ ಇರೋ ಕೆಲ್ಸ.

ಎಣಿಸಿದ್ದ ಸರಿ ಅದನೋ ಇಲ್ಲೋ ಅಂತ ಖಾತ್ರಿ ಮಾಡ್ಕೊಳ್ಳಾಕ ತೂಕದ ಲೆಕ್ಕ ಒಂದದ. ಸಂಡೂರಿನ ಗುಡ್ಡದಿಂದ ಅದಿರು ಹೋಗಿ ತೋರಣಗಲ್ಲಿನ ಊದುಕುಲುಮಿಯೊಳಗ ಕಬ್ಬಿಣ ಆಗ್ತದಲ್ಲ, ಅಲ್ಲಿನ ಮುಖ್ಯ ಕ್ರಿಯೆ ಒಟ್ಟಾರೆ ಇದು:

ಎಫ್‌ಇ₂ಒ₃ + 3ಸಿಒ → 2ಎಫ್‌ಇ + 3ಸಿಒ₂

ಎಫ್‌ಇ ಕಬ್ಬಿಣ, ಪರಮಾಣು ರಾಶಿ 56, ಆಕ್ಸಿಜನ್ 16, ಕಾರ್ಬನ್ 12. ಎಡಕ್ಕ ಹೆಮಟೈಟ್ ಅದಿರು 112 ಕೂಡ್ಸು 48, ಅಂದ್ರ 160, ಮೂರು ಕಾರ್ಬನ್ ಮೊನಾಕ್ಸೈಡ್ 28ರಂಗ 84, ಒಟ್ಟು 244. ಬಲಕ್ಕ ಕಬ್ಬಿಣ 112, ಮೂರು ಕಾರ್ಬನ್ ಡೈಆಕ್ಸೈಡ್ 44ರಂಗ 132, ಒಟ್ಟು 244. ಕೂಡ್ತು. ಇದರಾಗಿಂದನ ಇನ್ನೊಂದು ಮಾತು ಹೊರಗ ಬರ್ತದ: 160 ಕೆಜಿ ಶುದ್ಧ ಹೆಮಟೈಟ್‌ನಾಗ ಕಬ್ಬಿಣ 112 ಕೆಜಿ, ಅಂದ್ರ 70 ಪರ್ಸೆಂಟ್, ಅದಕ್ಕಿನ್ನ ಒಂದು ಗುಲಗಂಜಿ ಹೆಚ್ಚಿಗೆ ಬರಾಕ ಸಾಧ್ಯ ಇಲ್ಲ. ಯಾರಾರ ನಮ್ಮ ಹೆಮಟೈಟ್ ಅದಿರು 75ರ ಗ್ರೇಡು ಅಂದ್ರ ಲ್ಯಾಬ್‌ಗೆ ಹೋಗೋದ ಬ್ಯಾಡ, ಕುಂತಲ್ಲೇ ಸುಳ್ಳು ಅಂತ ಹೇಳ್ಬಹುದು. ಮ್ಯಾಗ್ನಟೈಟ್ ಅನ್ನೋ ಇನ್ನೊಂದು ಕಬ್ಬಿಣದ ಅದಿರು ಆದ್ರೂ 72 ಪಾಯಿಂಟ್ ಚಿಲ್ರ, ಅಷ್ಟ.

ಆದ್ರ ತೂಕದ ಲೆಕ್ಕ ಒಂದನ್ನ ನಂಬಿ ಕುಂದ್ರಬ್ಯಾಡ್ರಿ. ನೈಟ್ರೋಜನ್ ಅಣು 28, ಕಾರ್ಬನ್ ಮೊನಾಕ್ಸೈಡ್ ಅಣುನೂ 28. ಸಿಒ ಇರೋ ಜಾಗದಾಗ ಎನ್₂ ಬರ್ದಿಟ್ರೂ ತೂಕ ಎರಡೂ ಕಡೆ ಕೂಡ್ತದ, ಸಮೀಕರಣ ಮಾತ್ರ ಪೂರಾ ಸುಳ್ಳು. ಒಂದೊಂದ ಧಾತು ಎಣಿಸೋದ ಖಾಯಂ ಚೆಕ್ಕು, ತೂಕ ಅದಕ್ಕ ಬರೇ ಸಾಕ್ಷಿ.

ಮಕ್ಕಳಿಗೆ ತಲಿ ಕೆಡಸೋ ಇನ್ನೆರಡು ಸಣ್ಣ ವಿಷಯ ಬೇಗ ಹೇಳಿ ಮುಂದ ಹೋಗ್ತೀನಿ. 4ಎಚ್₂ + 2ಒ₂ → 4ಎಚ್₂ಒ ಅಂತ ಬರದ್ರ ಅದೂ ಬ್ಯಾಲೆನ್ಸ್ ಆಗೇದ, ಎಲ್ಲಾ ಎರಡರಿಂದ ಭಾಗಿಸಿ ಸಣ್ಣ ಪೂರ್ಣಾಂಕ ಮಾಡಿ ಬರಿಯೋದು ಪದ್ಧತಿ, ಪರೀಕ್ಷೆಯೊಳಗ ಹಂಗ ಬರೀಲಿ. ಹಂಗ ಅರ್ಧ ಆಕ್ಸಿಜನ್ ಅಂತ ಬರ್ದಿದ್ದೂ ತಪ್ಪಲ್ಲ, ಶಾಖದ ಲೆಕ್ಕ ಮಾಡೋರು ಒಂದು ಮೋಲ್ (ಅಣು ಎಣಿಸೋ ಒಂದು ದೊಡ್ಡ ಅಳತಿ) ನೀರಿಗೆ ಎಷ್ಟು ಶಾಖ ಅಂತ ತೋರ್ಸಾಕ ಬೇಕಂತನ ಹಂಗ ಬರೀತಾರ, ಎಸ್ಸೆಸ್ಸೆಲ್ಸಿಗೆ ಬ್ಯಾಡ. ಇನ್ನ ಕಬ್ಬಿಣದ್ದ ತಗೋರಿ, ಒಂದು ಪುಸ್ತಕದಾಗ ಮ್ಯಾಲ ಬರದಂಗ ಇರ್ತದ, ಇನ್ನೊಂದ್ರಾಗ 2ಎಫ್‌ಇ₂ಒ₃ + 3ಸಿ → 4ಎಫ್‌ಇ + 3ಸಿಒ₂ ಅಂತ ಇರ್ತದ, ಎರಡೂ ಬ್ಯಾಲೆನ್ಸ್ ಆಗ್ಯಾವ, ಎಣಿಸಿ ನೋಡ್ರಿ. ಒಂದ್ರಾಗ ಅದಿರಿನ ಆಕ್ಸಿಜನ್ ಕಸಗೊಳ್ಳೋದು ಕಾರ್ಬನ್ ಮೊನಾಕ್ಸೈಡ್ ಗ್ಯಾಸು, ಇನ್ನೊಂದ್ರಾಗ ನೇರ ಕಾರ್ಬನ್. ಪ್ರಶ್ನೆಯೊಳಗ ಯಾವ್ದು ಕೊಟ್ಟಾರ ಅದನ್ನ ಮಾಡ್ಬೇಕು ಅಷ್ಟ.

ಇಲ್ಲೀತನಕ ಹೇಳಿದ್ದು ಎಸ್ಸೆಸ್ಸೆಲ್ಸಿಗೆ ಧಾರಾಳ ಸಾಕು. ಮಗಳು ಮುಂದ ಸೈನ್ಸ್ ಅಂದ್ರಲ್ಲ, ಅದಕ್ಕ ಇನ್ನ ಮ್ಯಾಲಿಂದು ಹೇಳ್ತೀನಿ, ಪಿಯುಸಿಯಾಗ ಪರಮಾಣು ಎಣಿಸೋದು ಸಾಕಾಗಂಗಿಲ್ಲ.

ನಾನು ಅದಿರು ಟೆಸ್ಟಿಂಗ್ ಲ್ಯಾಬ್‌ನಾಗ ಕೆಲ್ಸ ಮಾಡಿದವ. ಅದಿರಿನಾಗ ಕಬ್ಬಿಣ ಎಷ್ಟದ ಅಂತ ನೋಡೋ ಹಳೇ ಪದ್ಧತಿ ಅಂದ್ರ, ಅದಿರನ್ನ ಆಸಿಡ್‌ನಾಗ ಕರಗಿಸಿ, ಸ್ಟ್ಯಾನಸ್ ಕ್ಲೋರೈಡ್ ಹಾಕಿ ಕಬ್ಬಿಣವನ್ನೆಲ್ಲಾ ಎರಡು ಪ್ಲಸ್ ಅಯಾನಿಗೆ (ಅಯಾನು ಅಂದ್ರ ವಿದ್ಯುದಾವೇಶ ಹೊತ್ತ ಪರಮಾಣು ಇಲ್ಲಾ ಪರಮಾಣು ಗುಂಪು) ಇಳಿಸಿ, ಬ್ಯುರೆಟ್ ಅನ್ನೋ ಅಳತಿ ಗಾಜಿನ ಕೊಳವಿಯಿಂದ ಡೈಕ್ರೋಮೇಟ್ ಅನ್ನೋ ಕ್ರೋಮಿಯಂ ಲವಣದ ದ್ರಾವಣ ಹನಿ ಹನಿ ಬಿಡೋದು, ಬಣ್ಣ ಬದಲಿ ಮಾಡಿ ತೋರ್ಸೋ ಸೂಚಕ ಹಾಕಿರ್ತೀವಿ, ಹಸಿರು ಹೋಗಿ ನೇರಳೆ ಆದ ಕೂಡ್ಲೆ ನಿಲ್ಸಿ ರೀಡಿಂಗ್ ತಗೋಳೋದು. ಅದರ ಸಮೀಕರಣವನ್ನ ಟ್ರೇನಿಂಗ್‌ಗೆ ಬರೋ ಹುಡುಗ್ರಿಗೆ ಬರಿ ಅಂದ್ರ ಕೆಲವ್ರು ಹಿಂಗ ಬರೀತಾರ (ಸಿಆರ್ ಅಂದ್ರ ಕ್ರೋಮಿಯಂ, ಮ್ಯಾಲ ಸಣ್ಣದಾಗಿ ಇರೋ ಪ್ಲಸ್ ಮೈನಸ್ ಅಂಕಿ ಅಂದ್ರ ಆವೇಶ):

ಸಿಆರ್₂ಒ₇²⁻ + ಎಫ್‌ಇ²⁺ + 14ಎಚ್⁺ → 2ಸಿಆರ್³⁺ + ಎಫ್‌ಇ³⁺ + 7ಎಚ್₂ಒ

ಎಣಿಸ್ರಿ ಈಗ. ಕ್ರೋಮಿಯಂ 2, 2. ಆಕ್ಸಿಜನ್ 7, 7. ಹೈಡ್ರೋಜನ್ 14, 14. ಕಬ್ಬಿಣ 1, 1. ಎಲ್ಲಾ ಬರೋಬ್ಬರಿ, ತೂಕ ಮಾಡಿದ್ರೂ ಬರೋಬ್ಬರಿ. ಆದ್ರೂ ಇದು ಬ್ಯಾಲೆನ್ಸ್ ಆಗಿಲ್ಲ, ಯಾಕಂದ್ರ ವಿದ್ಯುದಾವೇಶ ಕೂಡಂಗಿಲ್ಲ. ಎಡಕ್ಕ ಮೈನಸ್ 2, ಪ್ಲಸ್ 2, ಪ್ಲಸ್ 14, ಒಟ್ಟು ಪ್ಲಸ್ 14. ಬಲಕ್ಕ ಕ್ರೋಮಿಯಂದು 6, ಕಬ್ಬಿಣದ್ದು 3, ಒಟ್ಟು ಪ್ಲಸ್ 9. ಐದು ಆವೇಶ ಎಲ್ಲಿಗೆ ಹೋತು? ಗಾಳ್ಯಾಗ ಮಾಯ ಆಗಾಕ ಬರಂಗಿಲ್ಲ, ಪರಮಾಣು ಹೆಂಗ ಕಳಿಯಂಗಿಲ್ಲೋ ಆವೇಶನೂ ಹಂಗ ಕಳಿಯಂಗಿಲ್ಲ. ಸರಿಯಾದ್ದು ಇದು:

ಸಿಆರ್₂ಒ₇²⁻ + 6ಎಫ್‌ಇ²⁺ + 14ಎಚ್⁺ → 2ಸಿಆರ್³⁺ + 6ಎಫ್‌ಇ³⁺ + 7ಎಚ್₂ಒ

ಎಡಕ್ಕ ಮೈನಸ್ 2, ಪ್ಲಸ್ 12, ಪ್ಲಸ್ 14, ಒಟ್ಟು 24. ಬಲಕ್ಕ 6 ಮತ್ತ 18, ಒಟ್ಟು 24. ಈ 1 ಮತ್ತ 6ರ ವ್ಯತ್ಯಾಸ ಬರೇ ಮಾರ್ಕ್ಸಿನ ವಿಷಯ ಅಲ್ಲ ಅಣ್ಣಾರ. ಒಂದು ಡೈಕ್ರೋಮೇಟ್‌ಗೆ ಆರು ಕಬ್ಬಿಣ ಅನ್ನೋ ಜಾಗದಾಗ ಒಂದ ಅಂತ ಹಿಡಿದ್ರ 63ರ ಅದಿರು ರಿಪೋರ್ಟ್‌ನಾಗ 10.5 ಅಂತ ಬರ್ತದ, ಗಣಿ ಮಾಲೀಕ ಎದಿ ಒಡ್ಕೊಂಡು ಕುಂದ್ರಬೇಕಾಗ್ತದ. ಅಯಾನು ಇರೋ ಸಮೀಕರಣ ಯಾವ್ದ ಬರ್ಲಿ, ಧಾತುಗಳ ಪಟ್ಟಿ ಕೆಳಗ "ಆವೇಶ" ಅಂತ ಒಂದು ಸಾಲು ಹೆಚ್ಚಿಗೆ ಹಾಕ್ರಿ. ಎರಡೂ ಕಡೆ ಸೊನ್ನಿ ಆಗ್ಬೇಕಂತಿಲ್ಲ, ಎರಡೂ ಕಡೆ ಒಂದ ಇರ್ಬೇಕು.

ಈಗ ನನಗ ಭಾಳ ಇಷ್ಟ ಆದ ಒಂದು ಲೆಕ್ಕ. ಧಾತು ಸಮ, ತೂಕ ಸಮ, ಆವೇಶ ಸಮ, ಎಲ್ಲಾ ಸರಿ ಇದ್ದೂ ಸಮೀಕರಣ ತಪ್ಪಾಗಬಹುದೇನು ಅಂತ ಕೇಳಿದ್ರ ಡಿಗ್ರಿ ಓದಿದವ್ರೂ ಇಲ್ಲ ಅಂತಾರ. ಆಗಬಹುದು. ಬಳ್ಳಾರ್ಯಾಗ ಜೀನ್ಸ್ ವಾಶಿಂಗ್ ಕೆಲ್ಸ ಮಾಡೋರಿಗೆ ಪೊಟ್ಯಾಶಿಯಂ ಪರ್ಮಾಂಗನೇಟ್ ಗೊತ್ತಿರ್ತದ, ನೇರಳೆ ಬಣ್ಣದ್ದು, ಪ್ಯಾಂಟಿನ ತೊಡಿ ಮ್ಯಾಲ ಹೊಡೆದು ಬಣ್ಣ ಫೇಡ್ ಮಾಡ್ತಾರ. ಅದಕ್ಕ ಸಲ್ಫ್ಯೂರಿಕ್ ಆಸಿಡ್ ಸೇರ್ಸಿ, ನಿಮ್ಮ ಮಗಳ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ್ರ ಬಣ್ಣ ಹಾರಿ ಆಕ್ಸಿಜನ್ ಗುಳ್ಳಿ ಬರ್ತದ. ಇದರದ್ದು ನಾಲ್ಕು ಸಮೀಕರಣ ಬರೀತೀನಿ (ಕೆ ಅಂದ್ರ ಪೊಟ್ಯಾಶಿಯಂ, ಎಂಎನ್ ಮ್ಯಾಂಗನೀಸ್):

2ಕೆಎಂಎನ್‌ಒ₄ + 3ಎಚ್₂ಎಸ್‌ಒ₄ + ಎಚ್₂ಒ₂ → ಕೆ₂ಎಸ್‌ಒ₄ + 2ಎಂಎನ್‌ಎಸ್‌ಒ₄ + 4ಎಚ್₂ಒ + 3ಒ₂

2ಕೆಎಂಎನ್‌ಒ₄ + 3ಎಚ್₂ಎಸ್‌ಒ₄ + 3ಎಚ್₂ಒ₂ → ಕೆ₂ಎಸ್‌ಒ₄ + 2ಎಂಎನ್‌ಎಸ್‌ಒ₄ + 6ಎಚ್₂ಒ + 4ಒ₂

2ಕೆಎಂಎನ್‌ಒ₄ + 3ಎಚ್₂ಎಸ್‌ಒ₄ + 5ಎಚ್₂ಒ₂ → ಕೆ₂ಎಸ್‌ಒ₄ + 2ಎಂಎನ್‌ಎಸ್‌ಒ₄ + 8ಎಚ್₂ಒ + 5ಒ₂

2ಕೆಎಂಎನ್‌ಒ₄ + 3ಎಚ್₂ಎಸ್‌ಒ₄ + 7ಎಚ್₂ಒ₂ → ಕೆ₂ಎಸ್‌ಒ₄ + 2ಎಂಎನ್‌ಎಸ್‌ಒ₄ + 10ಎಚ್₂ಒ + 6ಒ₂

ಆಕ್ಸಿಜನ್ ಎಣಿಸಿ ನೋಡ್ರಿ, ಮೊದಲ್ನೇದ್ರಾಗ ಎರಡೂ ಕಡೆ 22, ಎರಡನೇದ್ರಾಗ 26, ಮೂರನೇದ್ರಾಗ 30, ನಾಲ್ಕನೇದ್ರಾಗ 34. ಹೈಡ್ರೋಜನ್ 8, 12, 16, 20. ಪೊಟ್ಯಾಶಿಯಂ, ಮ್ಯಾಂಗನೀಸ್, ಗಂಧಕ ಎಲ್ಲಾದ್ರಾಗೂ ಸಮ. ನಾಲ್ಕೂ ಬ್ಯಾಲೆನ್ಸ್ ಆಗ್ಯಾವ, ಆದ್ರ ಒಂದ ಸರಿ, ಮೂರನೇದು.

ಯಾಕ ಹಿಂಗ ಆತು? ಪೆರಾಕ್ಸೈಡ್ ತಾನ ಒಂದ ಇದ್ರೂ ಒಡೀತದ, 2ಎಚ್₂ಒ₂ → 2ಎಚ್₂ಒ + ಒ₂ ಅಂತ, ಇದು ತನ್ನಷ್ಟಕ್ಕ ತಾನ ಬ್ಯಾಲೆನ್ಸ್ ಆದ ಸಮೀಕರಣ. ಬ್ಯಾಲೆನ್ಸ್ ಆದದ್ದಕ್ಕ ಬ್ಯಾಲೆನ್ಸ್ ಆದದ್ದನ್ನ ಕೂಡ್ಸಿದ್ರೂ ಕಳದ್ರೂ ಬ್ಯಾಲೆನ್ಸ್ ಕೆಡಂಗಿಲ್ಲ. ಮೂರನೇ ಸಮೀಕರಣಕ್ಕ ಇದನ್ನ ಕೂಡ್ಸಿದೆ, ನಾಲ್ಕನೇದಾತು. ಮೂರನೇದ್ರಿಂದ ಕಳದೆ, ಎರಡನೇದಾತು, ಇನ್ನೊಂದು ಸಲ ಕಳದೆ, ಮೊದಲ್ನೇದಾತು. ಹಿಂಗ ಎಷ್ಟು ಬೇಕಾದ್ರೂ ಹುಟ್ಟಸ್ತಾ ಹೋಗಬಹುದು, ಬರೇ ಎಣಿಕಿ ಇಟ್ಕೊಂಡು ಕುಂತ್ರ ಯಾವ್ದು ಖರೇದು ಅಂತ ಜನ್ಮದಾಗ ಗೊತ್ತಾಗಂಗಿಲ್ಲ.

ಗೊತ್ತು ಮಾಡ್ಕೊಳ್ಳೋದು ಎಲೆಕ್ಟ್ರಾನ್ ಲೆಕ್ಕದಿಂದ. ಪರ್ಮಾಂಗನೇಟ್‌ನಾಗಿನ ಮ್ಯಾಂಗನೀಸ್ ಉತ್ಕರ್ಷಣ ಸಂಖ್ಯೆಯೊಳಗ (ಎಲೆಕ್ಟ್ರಾನ್ ಕೊಟ್ಟು ತಗೊಂಡ ಲೆಕ್ಕ) ಪ್ಲಸ್ 7ರಿಂದ ಪ್ಲಸ್ 2ಕ್ಕ ಇಳೀತದ, ಅಂದ್ರ ಒಂದೊಂದು 5 ಎಲೆಕ್ಟ್ರಾನ್ ತಗೋತದ, ಎರಡು ಅದಾವ, 10. ಕೊಡೋದು ಪೆರಾಕ್ಸೈಡ್, ಒಂದು ಅಣು ಕೊಡೋದು 2. ಹತ್ತು ಬೇಕಂದ್ರ ಐದು ಅಣು ಬೇಕು. ಇದು ಬ್ಯಾಡ ತಲಿನೋವು ಅಂದ್ರ ಇನ್ನೂ ಸಸಾರ ದಾರಿ ಅದ: ಈ ಕ್ರಿಯೆಯೊಳಗ ಹೊರಗ ಬರೋ ಆಕ್ಸಿಜನ್ ಗ್ಯಾಸೆಲ್ಲಾ ಪೆರಾಕ್ಸೈಡ್‌ದ, ಒಂದು ಪೆರಾಕ್ಸೈಡ್ ಅಣು ಎಲೆಕ್ಟ್ರಾನ್ ಕೊಟ್ಟು ಒಂದು ಒ₂ ಆಗಿ ಹೋಗ್ತದ, ಹಂಗಾದ್ರ ಎಡಗಡೆ ಎಚ್₂ಒ₂ ಮುಂದಿನ ಅಂಕಿನೂ ಬಲಗಡೆ ಒ₂ ಮುಂದಿನ ಅಂಕಿನೂ ಒಂದ ಇರ್ಬೇಕು. ಮೊದಲ್ನೇದ್ರಾಗ 1 ಮತ್ತ 3, ಎರಡನೇದ್ರಾಗ 3 ಮತ್ತ 4, ನಾಲ್ಕನೇದ್ರಾಗ 7 ಮತ್ತ 6. ಮೂರನೇದ್ರಾಗ 5 ಮತ್ತ 5. ನಾಲ್ಕನೇದ್ರಾಗ ಹೆಚ್ಚಿಗೆ ಇರೋ ಎರಡು ಪೆರಾಕ್ಸೈಡ್‌ಗೂ ಪರ್ಮಾಂಗನೇಟ್‌ಗೂ ಸಂಬಂಧನ ಇಲ್ಲ, ಅವು ತಮ್ಮ ಪಾಡಿಗೆ ಒಡದಾವ. ಮೊದಲ್ನೇದ್ರಾಗ ಪೆರಾಕ್ಸೈಡ್ ತಂದಿದ್ದ 2 ಆಕ್ಸಿಜನ್ ಪರಮಾಣು, ಗ್ಯಾಸ್ ಆಗಿ ಹೊಂಟಿದ್ದು 6, ಉಳಿದ ನಾಲ್ಕು ಎಲ್ಲಿಂದ ಬಂದ್ವು ಅಂತ ಕೇಳಿದ್ರ ಬರದವ್ರ ಹತ್ರ ಉತ್ರ ಇಲ್ಲ.

ಅದಕ್ಕ ನಾನು ಹೇಳೋದು, ಬ್ಯಾಲೆನ್ಸ್ ಆಗೇದ ಅನ್ನೋದು ಬ್ಯಾರೆ, ಸಮೀಕರಣ ಖರೇ ಅದ ಅನ್ನೋದು ಬ್ಯಾರೆ. ಬ್ಯಾಲೆನ್ಸ್ ಆಗಿಲ್ಲಂದ್ರ ಅದು ತಪ್ಪು ಅಂತ ಕಣ್ಮುಚ್ಚಿ ಹೇಳಬಹುದು, ಬ್ಯಾಲೆನ್ಸ್ ಆಗೇದ ಅಂದ ಮಾತ್ರಕ್ಕ ಸರಿ ಅಂತ ಹೇಳಾಕ ಬರಂಗಿಲ್ಲ. ಈಗ ಮೊಬೈಲ್‌ನಾಗ ಆ್ಯಪ್‌ಗಳು ಬಂದಾವ, ಸಮೀಕರಣ ಟೈಪ್ ಮಾಡಿದ್ರ ಪಟ್ ಅಂತ ಅಂಕಿ ಹಾಕಿ ಕೊಡ್ತಾವ, ಬೀಜಗಣಿತದ ಲೆಕ್ಕ ಮಾಡೋದು ಅವಕ್ಕ ಸಸಾರ, ನೀವೂ ಎಣಿಸಿದ್ದನ್ನ ತಾಳೆ ನೋಡಾಕ ಬಳಸ್ರಿ ತಪ್ಪೇನಿಲ್ಲ. ಆದ್ರ ಬರೇ ಲೆಕ್ಕ ಮಾಡೋ ಆ್ಯಪ್‌ಗೆ ತಾಮ್ರ ಮತ್ತ ಸಲ್ಫ್ಯೂರಿಕ್ ಆಸಿಡ್ ಕೊಟ್ಟು ತಾಮ್ರದ ಸಲ್ಫೇಟ್ ಮತ್ತ ಹೈಡ್ರೋಜನ್ ಅಂತ ಬರೀರಿ:

ಸಿಯು + ಎಚ್₂ಎಸ್‌ಒ₄ → ಸಿಯುಎಸ್‌ಒ₄ + ಎಚ್₂

ಎಲ್ಲಾ ಒಂದೊಂದ, ಬ್ಯಾಲೆನ್ಸ್ ಆಗೇದ ಅಂತ ಅದು ಸರಿ ಗುರ್ತು ಹಾಕಿಬಿಡ್ತದ. ಸತು ಇದ್ರ ಖರೇನ ಹಿಂಗ ಆಗ್ತದ, ಲ್ಯಾಬ್‌ನಾಗ ಹೈಡ್ರೋಜನ್ ತಯಾರು ಮಾಡೋದ ಹಂಗ. ತಾಮ್ರನ ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್‌ನಾಗ ಹಾಕಿ ಸಂಜೀತನಕ ಕುಂತ್ರೂ ಹೈಡ್ರೋಜನ್ ಬರಂಗಿಲ್ಲ, ಯಾಕಂದ್ರ ಕ್ರಿಯಾಶೀಲತಾ ಸರಣಿಯೊಳಗ (ಹೆಚ್ಚು ಚುರುಕಿನ ಲೋಹ ಮ್ಯಾಲ, ಕಮ್ಮಿ ಚುರುಕಿಂದು ಕೆಳಗ ಇರೋ ಪಟ್ಟಿ) ತಾಮ್ರ ಹೈಡ್ರೋಜನ್‌ಗಿನ್ನ ಕೆಳಗದ, ಅದನ್ನ ಹೊರಗ ತಳ್ಳೋ ತಾಕತ್ತು ತಾಮ್ರಕ್ಕಿಲ್ಲ. ಈ ಸರಣಿ ಮಗಳ ಪುಸ್ತಕದಾಗ ಲೋಹಗಳು ಮತ್ತು ಅಲೋಹಗಳು ಪಾಠದಾಗ ಅದ, ಅದನ್ನ ಬಾಯಿಪಾಠ ಮಾಡ್ಸಿಬಿಡ್ರಿ, ಸ್ಥಾನಪಲ್ಲಟ ಕ್ರಿಯೆ (ಒಂದು ಧಾತು ಇನ್ನೊಂದನ್ನ ಹೊರಗ ತಳ್ಳೋದು) ಬಂದಾಗೆಲ್ಲಾ ಎಣಿಸೋಕಿನ್ನ ಮೊದ್ಲ ಅದನ್ನ ನೋಡ್ಲಿ. ದಟ್ಟ ಸಲ್ಫ್ಯೂರಿಕ್ ಆಸಿಡ್ ಬಿಸಿ ಮಾಡಿ ಹಾಕಿದ್ರ ಮಾತ್ರ ತಾಮ್ರ ಕರಗ್ತದ, ಅಲ್ಲೂ ಬರೋದು ಹೈಡ್ರೋಜನ್ ಅಲ್ಲ, ಮೂಗು ಸುಡೋ ಗಂಧಕದ ಡೈಆಕ್ಸೈಡು:

ಸಿಯು + 2ಎಚ್₂ಎಸ್‌ಒ₄ → ಸಿಯುಎಸ್‌ಒ₄ + ಎಸ್‌ಒ₂ + 2ಎಚ್₂ಒ

ಇದನ್ನ ಇವತ್ತು ರಾತ್ರಿ ಊಟ ಆದ ಮ್ಯಾಲ ಅಪ್ಪ ಮಗಳು ಬ್ಯಾರೆ ಬ್ಯಾರೆ ಹಾಳ್ಯಾಗ ಎಣಿಸ್ರಿ, ಆಕ್ಸಿಜನ್‌ನಿಂದ ಶುರು ಮಾಡಿ. ಇಬ್ಬರದ್ದೂ ಎರಡೂ ಕಡೆ ಎಂಟೆಂಟು ಬರ್ಬೇಕು, ಬರಲಿಲ್ಲಂದ್ರ ಬಲಗಡೆ ಮೂರು ಜಾಗದಾಗ ಒಂದನ್ನ ಬಿಟ್ಟೀರಿ ಅಂತ ತಿಳ್ಕೋರಿ.